ಕಂಪನಿಯ ಸಾಲಕ್ಕೂ ಮನೆಯ ಖರ್ಚಿಗೂ ಒಬ್ಬರೇ ಅರ್ಥಶಾಸ್ತ್ರಜ್ಞರು ಹೇಗೆ?

ಫ್ರಾಂಕೊ ಮೊಡಿಗ್ಲಿಯಾನಿ ಕಂಪನಿಗಳ ಬಂಡವಾಳವನ್ನೂ ಕುಟುಂಬಗಳ ಖರ್ಚನ್ನೂ ಅಧ್ಯಯನ ಮಾಡಿದವರು, ಎರಡಕ್ಕೂ ಏನಾದರೂ ನಂಟಿದೆಯೇ, ನಮ್ಮ ಭಾಗಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಕಬ್ಬು ಬೆಳೆಯುವ ಮನೆಯವರು. ಅವರಿಗೆ ಹೇಳುವ ಹಾಗೆಯೇ ನಿಮಗೂ ಹೇಳುತ್ತೇನೆ.

ನಂಟು ಖಂಡಿತ ಇದೆ. 1985ರಲ್ಲಿ ಅವರಿಗೆ ನೊಬೆಲ್ ಬಂದದ್ದೇ ಉಳಿತಾಯ ಮತ್ತು ಹಣಕಾಸು ಮಾರುಕಟ್ಟೆ, ಈ ಎರಡರ ವಿಶ್ಲೇಷಣೆಗಾಗಿ.

ಮನೆಯ ವಿಷಯ ಮೊದಲು. ಈ ವರ್ಷದ ಆದಾಯ ನೋಡಿಕೊಂಡು ಜನ ಈ ವರ್ಷ ಖರ್ಚು ಮಾಡುತ್ತಾರೆ ಎಂಬುದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಕಾಲದಿಂದ ಬಂದ ತಿಳಿವಳಿಕೆ. ಮೊಡಿಗ್ಲಿಯಾನಿ ತಮ್ಮ ವಿದ್ಯಾರ್ಥಿ ರಿಚರ್ಡ್ ಬ್ರಂಬರ್ಗ್ ಜೊತೆ 1954ರಲ್ಲಿ ಬೇರೆಯದನ್ನೇ ಹೇಳಿದರು: ಕುಟುಂಬ ನೋಡುವುದು ಜೀವಮಾನದ ಗಳಿಕೆಯನ್ನು, ದುಡಿಯುವ ವಯಸ್ಸಿನಲ್ಲಿ ಉಳಿಸುತ್ತದೆ, ಮುಪ್ಪಿನಲ್ಲಿ ಅದನ್ನು ಕರಗಿಸುತ್ತದೆ, ನಡುವೆ ಬೇಕಾದಾಗ ಸಾಲ ಪಡೆದು ಖರ್ಚನ್ನು ಸಮ ಮಾಡಿಕೊಳ್ಳುತ್ತದೆ.

ಕಂಪನಿಯ ವಿಷಯದಲ್ಲಿ, 1958ರಲ್ಲಿ ಮರ್ಟನ್ ಮಿಲ್ಲರ್ ಜೊತೆ ಬರೆದ ಲೇಖನದ ವಾದ ಹೀಗಿದೆ. ಒಂದೇ ಗಳಿಕೆಯ ಎರಡು ಕಾರ್ಖಾನೆಗಳಿವೆ. ಒಂದಕ್ಕೆ ಸಾಲವಿದೆ, ಇನ್ನೊಂದಕ್ಕೆ ಇಲ್ಲ. ಸಾಲವಿರುವುದಕ್ಕೆ ಮಾರುಕಟ್ಟೆ ಹೆಚ್ಚು ಬೆಲೆ ಕಟ್ಟಿತು ಎನ್ನಿ. ಆಗ ಜಾಣ ಹೂಡಿಕೆದಾರ ಅದರ ಷೇರು ಮಾರಿ, ತಾನೇ ಸಾಲ ತೆಗೆದು, ಸಾಲವಿಲ್ಲದ ಕಾರ್ಖಾನೆಯ ಷೇರು ಕೊಳ್ಳುತ್ತಾನೆ. ಅದೇ ಆದಾಯ ಕಡಿಮೆ ವೆಚ್ಚದಲ್ಲಿ ಸಿಗುತ್ತದೆ. ಎಲ್ಲರೂ ಹಾಗೆ ಮಾಡಿದಾಗ ಎರಡರ ಬೆಲೆಯೂ ಒಂದಾಗುತ್ತದೆ. ಬೆಲೆ ಹುಟ್ಟುವುದು ಗಳಿಕೆಯಿಂದ, ಬಂಡವಾಳ ಎಲ್ಲಿಂದ ಬಂತು ಎಂಬುದರಿಂದಲ್ಲ.

ಎರಡೂ ವಾದಗಳ ಅಡಿಯಲ್ಲಿ ಒಂದೇ ಊಹೆ ಇದೆ, ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಸಾಮಾನ್ಯ ಮನುಷ್ಯನಿಗೂ ಕಂಪನಿಗೆ ಸಿಗುವ ಬಡ್ಡಿಗೇ ಸಾಲ ಸಿಗಬೇಕು. ಅವನು ನಾಳಿನ ಗಳಿಕೆಯನ್ನು ನಂಬಿಸಿ ಇಂದು ಹಣ ತರುವಂತಿರಬೇಕು.

ನಮ್ಮಲ್ಲಿ ಏನಾಗುತ್ತದೆ ನೋಡಿ. ಕಾರ್ಖಾನೆ ಕೆಲವೇ ತಿಂಗಳ ಹಂಗಾಮಿನಲ್ಲಿ ಕಬ್ಬನ್ನೆಲ್ಲ ನುರಿಸುತ್ತದೆ, ಸಕ್ಕರೆಯನ್ನು ಮಾತ್ರ ವರ್ಷವಿಡೀ ಮಾರುತ್ತದೆ. ತಿಂಗಳಿಗೆ ಎಷ್ಟು ಮಾರಬಹುದೆಂಬ ಕೋಟಾ ಕೂಡ ಕೇಂದ್ರ ಸರ್ಕಾರದ್ದು. ಗೋದಾಮಿನ ಸಕ್ಕರೆಯನ್ನು ಬ್ಯಾಂಕಿಗೆ ಒತ್ತೆ ಇಟ್ಟು ಸಾಲ ತೆಗೆಯುತ್ತಾರೆ. ಅದೂ ಸಾಲದಾದಾಗ ರೈತರ ಬಿಲ್ ತಡವಾಗುತ್ತದೆ. ಅಂದರೆ ರೈತನೇ ಕಾರ್ಖಾನೆಗೆ ಸಾಲ ಕೊಟ್ಟಂತಾಯಿತು, ಅವನನ್ನು ಯಾರೂ ಕೇಳದೆ. ಅತ್ತ ಅವನ ಮನೆಯಲ್ಲಿ ಕಿರಾಣಿ ಉದ್ರಿ ಏರುತ್ತದೆ, ಬಂಗಾರ ಅಡವಿಗೆ ಹೋಗುತ್ತದೆ, ಮಗಳ ಕಾಲೇಜು ಫೀ ಕೈಗಡದಿಂದ ಬರುತ್ತದೆ. ಜೀವಮಾನದ ಗಳಿಕೆ ಕಡಿಮೆಯಾಗಿಲ್ಲ, ಆದರೂ ಖರ್ಚು ಈ ತಿಂಗಳ ಕೈಯಲ್ಲಿರುವ ಹಣಕ್ಕೇ ಕಟ್ಟುಬೀಳುತ್ತದೆ. ಕಂಪನಿಯ ಬಂಡವಾಳದ ಪ್ರಶ್ನೆ ಅಡುಗೆಮನೆಯ ಪ್ರಶ್ನೆಯಾಗುವುದು ಹೀಗೆ.

ಅದಕ್ಕಾಗಿ ಸಿದ್ಧಾಂತವನ್ನು ಪುಸ್ತಕದ ಬದನೆಕಾಯಿ ಎನ್ನುವವರ ಜೊತೆ ನಾನಿಲ್ಲ. ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ಸ್ವತಃ 1963ರಲ್ಲಿ ತೆರಿಗೆಯ ಪರಿಣಾಮವನ್ನು ಸೇರಿಸಿ ತಮ್ಮ ಲೆಕ್ಕವನ್ನು ತಿದ್ದಿದರು. ಯಾವ ಊಹೆ ಮುರಿದರೆ ಯಾರಿಗೆ ಪೆಟ್ಟು ಬೀಳುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ಕಾಣಿಸುವ ಇನ್ನೊಂದು ಉಪಕರಣ ನನಗೆ ಸಿಕ್ಕಿಲ್ಲ.

ನಿಮ್ಮ ಮನೆಯಲ್ಲೂ ಕಬ್ಬಿದ್ದರೆ ಇದನ್ನು ತಿಳಿದಿರಿ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಬೇಕು. 2 ಲಕ್ಷ ರೂಪಾಯಿ ಬಿಲ್ ಮೂರು ತಿಂಗಳು ತಡವಾದರೆ ಬಡ್ಡಿಯೇ 7,500 ರೂಪಾಯಿ. ತೂಕದ ಚೀಟಿಯನ್ನು ಎಸೆಯಬೇಡಿ, ಹಣ ಜಮೆಯಾದ ದಿನಾಂಕವನ್ನು ಅದರ ಹಿಂದೆಯೇ ಬರೆದಿಟ್ಟುಕೊಳ್ಳಿ.