ನಾಲ್ಕು ಪತ್ರ ಸರಿ, ಉಳಿದ ಟ್ರಂಕಿನ ಗತಿ ಏನು?

ಪತ್ರ: ಸಂಪಾದಕರೇ, ನಮ್ಮ ತಾತ ತೀರ್ಕೊಂಡು ಬಹಳ ವರ್ಷ ಆಯ್ತು. ಅವರ ಟ್ರಂಕಿನಲ್ಲಿ ಕಾಗದದ ಕಟ್ಟುಗಳಿವೆ. ಅದರಲ್ಲಿ ಹೆಸರಾಂತರು ಅವರಿಗೆ ಬರೆದ ನಾಲ್ಕು ಪತ್ರ ಸಿಕ್ಕವು, ಫ್ರೇಮ್ ಹಾಕಿಸಿ ಮ್ಯೂಸಿಯಂಗೆ ಕೊಡೋಕೆ ಹೋದೆ. ಅಲ್ಲಿನವರು "ಉಳಿದದ್ದನ್ನೂ ತನ್ನಿ, ಹೇಗಿದೆಯೋ ಹಾಗೇ ತನ್ನಿ" ಅಂದ್ರು. ಉಳಿದಿರೋದು ಖರ್ಚಿನ ಲೆಕ್ಕ, ರಸೀದಿ, ಮನೆ ಜಗಳದ ಕಾಗದ. ಅದನ್ನ ಯಾರ್ಯಾರ ಮುಂದೋ ಯಾಕೆ ಹರಡಬೇಕು? ತಗೊಂಡ್ರೂ ಗೋಡೌನಲ್ಲಿ ಕೊಳೆಸ್ತಾರೆ. ಸ್ಕ್ಯಾನ್ ಮಾಡಿ ರದ್ದಿಗೆ ಹಾಕಿದ್ರೆ ತಪ್ಪಾ? (ಹೆಸರು ಬೇಡ ಅಂದ ಓದುಗರು)

ಉತ್ತರ: ತಪ್ಪು. ಒಂದೇ ಪದದಲ್ಲಿ ಮುಗಿಸಬಹುದಿತ್ತು, ಆದ್ರೆ ನೀವು ಕೈ ಇಟ್ಟಿರೋದು ನನ್ನ ಹಳೇ ಗಾಯದ ಮೇಲೆ, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಮೊದಲು ನಿಮ್ಮ ಕಡೆಯ ನ್ಯಾಯ. ಮನೆ ಮಾತು ಮನೇಲೇ ಇರ್ಲಿ ಅನ್ನೋದು ಸಣ್ಣ ವಿಷಯ ಅಲ್ಲ, ಒಪ್ದೆ. ಅದಕ್ಕೆ ದಾರಿಯೂ ಇದೆ, ಕೊಡುವಾಗ ಬರೆಯೋ ದಾನಪತ್ರದಲ್ಲೇ ಇಂಥ ಕಟ್ಟು ಇಷ್ಟು ವರ್ಷ ತೆರೆಯಕೂಡದು ಅಂತ ಷರತ್ತು ಹಾಕಬಹುದು, ಒಳ್ಳೆ ಪತ್ರಾಗಾರದವರು, ಅಂದ್ರೆ ಹಳೇ ಕಾಗದಪತ್ರ ಕಾಪಾಡೋರು, ಅದನ್ನ ಪಾಲಿಸ್ತಾರೆ. ಸುಡೋದಕ್ಕೂ ಬೀಗ ಹಾಕೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಬೈರನ್ ಕವಿ ಸತ್ತ ಒಂದೇ ತಿಂಗಳಿಗೆ, 1824ರ ಮೇನಲ್ಲಿ, ಅವನ ಆತ್ಮಕಥೆಯ ಹಸ್ತಪ್ರತೀನ ಲಂಡನ್ನಿನ ಪ್ರಕಾಶಕನ ಮನೆಯ ಒಲೆಗೆ ಹಾಕಿದ್ರು, ಮಾನ ಉಳಿಸೋಕೆ. ಮಾನವೇನೂ ಉಳೀಲಿಲ್ಲ, ಅದರಲ್ಲಿ ಏನಿತ್ತೋ ಅಂತ ಇವತ್ತಿಗೂ ಜನ ಊಹೆ ಮಾಡ್ತಾನೇ ಇದಾರೆ.

ಈಗ ಆ ನಾಲ್ಕು ಪತ್ರ. ನಿಮ್ಮ ಖುಷಿ ಕೆಡಿಸ್ತಿದೀನಿ ಅನ್ಕೋಬೇಡಿ, ಆದ್ರೆ ಅವುಗಳಲ್ಲಿ ನಿಮ್ಮ ತಾತ ಇಲ್ಲ. ಅವು ಅವರಿಗೆ ಬಂದ ಪತ್ರಗಳು. ಅವರು ಬರೆದ ಉತ್ತರ ಇದ್ರೆ ಬೇರೆ ಯಾರದೋ ಟ್ರಂಕಿನಲ್ಲಿರತ್ತೆ. ತಾತನ ಕೈಬರಹ, ತಾತ ಯಾವುದಕ್ಕೆ ಕೈ ಬಿಗಿ ಹಿಡೀತಿದ್ರು, ಯಾವ ತಿಂಗಳು ಸಾಲ ಮಾಡಿದ್ರು, ಯಾರ ಕಾಯಿಲೆಗೆ ಎಷ್ಟು ಹೋಯ್ತು, ಇದೆಲ್ಲಾ ಇರೋದು ನೀವು ರದ್ದಿಗೆ ಅಂತ ಪಕ್ಕಕ್ಕಿಟ್ಟ ಲೆಕ್ಕದ ಪುಸ್ತಕದಲ್ಲಿ! ಇನ್ನೊಂದು, ಆ ಪತ್ರಗಳ ಕಾಗದ ನಿಮ್ದು, ಅದರೊಳಗಿನ ಮಾತಿನ ಕಾಪಿರೈಟ್ ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಫ್ರೇಮಂತೂ ಬೇಡವೇ ಬೇಡ. ಬೆಳಕಿಗೆ ಶಾಯಿ ಮಾಸತ್ತೆ, ಹಿಂದೆ ಇಡೋ ಅಗ್ಗದ ರಟ್ಟಿನ ಆಮ್ಲ ಕಾಗದಕ್ಕೆ ಹತ್ತಿ ಹಳದಿ ಆಗತ್ತೆ.

ಇಟಲಿಯ ಪ್ರಾಟೋ ಅಂತ ಒಂದು ಊರು. ಅಲ್ಲಿ ಫ್ರಾನ್ಸೆಸ್ಕೋ ದಾತಿನಿ ಅನ್ನೋ ವ್ಯಾಪಾರಿ 1410ರಲ್ಲಿ ಸತ್ತ. ಮಹಾವ್ಯಕ್ತಿ ಏನಲ್ಲ, ದುಡ್ಡು ಮಾಡಿದ, ಆಸ್ತಿ ಬಡವರಿಗೆ ಬಿಟ್ಟ. ಆದ್ರೆ ಒಂದು ಕಾಗದ ಎಸೀತಿರಲಿಲ್ಲ, ತನ್ನ ಅಂಗಡಿಗಳವರಿಗೂ ಎಸೀಬೇಡಿ ಅಂತಿದ್ದ. 1870ರಲ್ಲಿ ಅವನ ಮನೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಚೀಲಗಟ್ಟಲೆ ಸಿಕ್ತು, ಸುಮಾರು ಒಂದೂವರೆ ಲಕ್ಷ ಪತ್ರ, 500ಕ್ಕೂ ಹೆಚ್ಚು ಲೆಕ್ಕದ ಪುಸ್ತಕ. ಮಧ್ಯಯುಗದ ವ್ಯಾಪಾರ ಹೇಗೆ ನಡೀತಿತ್ತು ಅಂತ ತಿಳಿಯೋಕೆ ಇವತ್ತು ಜನ ಅಲ್ಲಿಗೆ ಹೋಗ್ತಾರೆ. ಗಂಡ ಹೆಂಡತಿ ಜಗಳವೂ ಅದರಲ್ಲೇ ಇದೆ ಸ್ವಾಮಿ, ಹೆಂಡತಿ ಮಾರ್ಗರೀಟಾ ಅವನಿಗೆ ಖಡಕ್ಕಾಗಿ ಬರೆದ ಪತ್ರಗಳನ್ನ ಓದಿದ್ರೆ ನಿಮ್ಮ ಮನೆ ಜಗಳ ಏನೂ ಅಲ್ಲ ಅನ್ಸತ್ತೆ.

ಇನ್ನೊಬ್ಬಳು ಸೂಲಗಿತ್ತಿ, ಮಾರ್ತಾ ಬಲ್ಲಾರ್ಡ್, ಅಮೆರಿಕದ ಮೇಯ್ನ್ ಸೀಮೆಯವಳು. 1785ರಿಂದ 1812ರವರೆಗೆ ದಿನಾ ಎರಡು ಸಾಲು ಬರೆದಳು, ಹವಾಮಾನ, ಯಾರ ಮನೆಯಲ್ಲಿ ಹೆರಿಗೆ, ಎಷ್ಟು ಬಂತು, ಎಷ್ಟು ಬಾಕಿ. ಹಿಂದಿನ ಇತಿಹಾಸಕಾರರು ತಿರುವಿ ಹಾಕಿ, ಇದರಲ್ಲೇನಿದೆ, ಬರೀ ಮನೆವಾರ್ತೆ ಅಂತ ಬಿಟ್ರು (ನಿಮ್ಮ ಮಾತೇ!). ವಂಶದವರು ಕಾಪಾಡಿ ಕೊನೆಗೆ ರಾಜ್ಯದ ಲೈಬ್ರರಿಗೆ ಕೊಟ್ರು. ಆಮೇಲೆ ಲಾರೆಲ್ ಥ್ಯಾಚರ್ ಅಲ್ರಿಕ್ ಅನ್ನೋ ಇತಿಹಾಸಕಾರ್ತಿ ಆ ಬೇಜಾರು ಹಿಡಿಸೋ ಸಾಲುಗಳನ್ನೇ ಕೂಡಿಸಿ ಎಣಿಸಿದ್ರು, 816 ಹೆರಿಗೆ. ಆ ಡೈರಿ ಮೇಲೆ ಅವರು ಬರೆದ ಪುಸ್ತಕಕ್ಕೆ 1991ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

"ಹೇಗಿದೆಯೋ ಹಾಗೇ ತನ್ನಿ" ಅಂದಿದ್ದಕ್ಕೆ ನಿಮಗೆ ಅನುಮಾನ ಬಂತು, ನನಗೆ ಆ ಮನುಷ್ಯನಿಗೆ ಕೈ ಮುಗಿಯೋಣ ಅನ್ನಿಸ್ತು. ಕೆಲಸ ಗೊತ್ತಿರೋರ ಮಾತು ಅದು. ಒಬ್ಬರ ಕಾಗದವನ್ನ ಇನ್ನೊಬ್ಬರದ್ದರ ಜೊತೆ ಬೆರೆಸಬಾರದು ಅಂತ ಫ್ರಾನ್ಸಿನಲ್ಲಿ 1841ರಲ್ಲೇ ಸುತ್ತೋಲೆ ಹೊರಡಿಸಿದ್ರು, ಬರೆದಿಟ್ಟವನ ಕ್ರಮವನ್ನೇ ಉಳಿಸಬೇಕು ಅಂತ 1898ರಲ್ಲಿ ಮೂವರು ಡಚ್ಚರು ಕೈಪಿಡೀನೇ ಬರೆದ್ರು. ಯಾಕಂದ್ರೆ ಯಾವ ರಸೀದಿ ಯಾವ ಪತ್ರದ ಜೊತೆ ಕಟ್ಟಿತ್ತು ಅನ್ನೋದೂ ಒಂದು ಸಾಕ್ಷಿ. ತಾರೀಖಿನ ಪ್ರಕಾರ ಜೋಡಿಸಿ ನೀಟ್ ಮಾಡಿದ್ರೆ ಆ ಸಾಕ್ಷಿ ಹೋಯ್ತು, ಮತ್ತೆ ಬರಲ್ಲ. ಸ್ಕ್ಯಾನ್ ಅದನ್ನ ಹಿಡಿಯಲ್ಲ, ಸ್ಕ್ಯಾನ್ ಮಾಡೋ ನಾವೇ ಕವರ್ ಬಿಡ್ತೀವಿ, ಹಿಂಬದಿ ಬಿಡ್ತೀವಿ, ಚೀಟಿ ಬಿಡ್ತೀವಿ, ಹತ್ತು ವರ್ಷ ಬಿಟ್ಟು ಹಾರ್ಡ್ ಡಿಸ್ಕೇ ತೆರ್ಕೊಳ್ಳಲ್ಲ.

ಗೋಡೌನ್ ಮಾತು ಸುಳ್ಳಲ್ಲ. ಪಟ್ಟಿಯಾಗದೆ ಬಿದ್ದಿರೋ ರಾಶಿ ಎಲ್ಲಾ ಕಡೆ ಇದೆ, ಅದಕ್ಕೇ 2005ರಲ್ಲಿ ಗ್ರೀನ್ ಮತ್ತು ಮೈಸ್ನರ್ ಅನ್ನೋ ಇಬ್ಬರು ಪತ್ರಾಗಾರದವರು, ಒಂದೊಂದು ಪಿನ್ನು ಕೀಳ್ತಾ ಕೂರಬೇಡಿ, ಡಬ್ಬಕ್ಕೆ ಒಂದು ಪಟ್ಟಿ ಮಾಡಿ ಮೊದಲು ಓದೋರ ಕೈಗೆ ಕೊಡಿ ಅಂತ ಬರೆದ್ರು. ಆದ್ರೆ ತಪ್ಪು ಗೋಡೌನಿನವರದ್ದು ಮಾತ್ರನಾ? ಕತ್ತಿ, ಕಿರೀಟ, ಸಿಂಹಾಸನದ ಮುಂದೆ ಸೆಲ್ಫಿ ತಗೊಳ್ಳೋರು ನಾವು, ದುಡ್ಡು ಕೊಡೋರು ಗಾಜಿನ ಕಪಾಟಿಗೆ ಕೊಡ್ತಾರೆ, ಮೇಲೆ ಅವರ ಹೆಸರು ಬರತ್ತೆ. ಕಡತದ ಪಟ್ಟಿ ಮಾಡೋ ಹುಡುಗಿಯ ಸಂಬಳಕ್ಕೆ ಕೊಡಿ ಅಂದ್ರೆ ಎಲ್ಲರೂ ಗಡಿಯಾರ ನೋಡ್ತಾರೆ.

ಇಷ್ಟೆಲ್ಲಾ ಹೇಳೋಕೆ ನನಗೇನು ಯೋಗ್ಯತೆ ಅಂತ ಕೇಳಬಹುದು. ಇಲ್ಲ. ನಮ್ಮ ಪತ್ರಿಕೆ ಆಫೀಸು ಶಿಫ್ಟ್ ಮಾಡಿದಾಗ ನಾನೇ ನಿಂತು ಆರಿಸಿದ್ದು, ದೊಡ್ಡ ಬರಹಗಾರರ ಪತ್ರ ಈ ಕಡೆ, ಓದುಗರ ಪತ್ರ ಆ ಕಡೆ. ಆ ಕಡೆಯದ್ದು ತೂಕಕ್ಕೆ ಹೋಯ್ತು. ಇವತ್ತು ಯಾರಾದ್ರೂ ಬಂದು, ಆಗಿನ ಜನ ನಿಮಗೆ ಏನು ಬರೀತಿದ್ರು ಅಂತ ಕೇಳಿದ್ರೆ ನನ್ನ ಹತ್ರ ಇರೋದು ಸಂಭಾವನೆ ಯಾಕೆ ಬಂದಿಲ್ಲ ಅಂತ ದೊಡ್ಡವರು ಬರೆದ ಕಾರ್ಡುಗಳು ಮಾತ್ರ.

ಹಾಗಾಗಿ ಒಂದು ಕೆಲಸ ಮಾಡಿ. ಟ್ರಂಕು ಒರೆಸಬೇಡಿ, ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅನ್ನೋ ಮಾತೇ ಎತ್ತಬೇಡಿ. ನಾಲ್ಕು ಪತ್ರ ಫ್ರೇಮಿನಿಂದ ಬಿಡಿಸಿ, ಯಾವ ಕಟ್ಟಿನಿಂದ ತೆಗೆದ್ರೋ ಅಲ್ಲಿಗೇ ವಾಪಸ್ ಇಡಿ. ನೆನಪಿಲ್ವಾ? ಸುಮ್ನೆ ಯಾವುದೋ ಕಟ್ಟಿಗೆ ತುರುಕಬೇಡಿ, "ಇವು ನಾನು ಹೊರಗೆ ತೆಗೆದದ್ದು, ಜಾಗ ಮರೆತಿದೆ" ಅಂತ ಒಂದು ಚೀಟಿ ಬರೆದು ಜೊತೇಲಿಡಿ. ಪೆನ್ಸಿಲಲ್ಲಿ ಬರೀರಿ, ಪೆನ್ನು ಬೇಡ.