ಹಿತ್ತಲ ಮಾತು: ದರಗು ಕೂಡಿಟ್ಟರೆ ಬಕೆಟ್ ನಾರುವುದಿಲ್ಲ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಳೆಗಾಲದ ಗೋಳು. ಚಿಕ್ಕಮಗಳೂರಿನ ನನ್ನ ಹಿತ್ತಲಲ್ಲೂ ಅದೇ ಮಳೆ, ಅದೇ ಶೀತ. ಮೂರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ಅಡುಗೆಮನೆ ಕಸವನ್ನು ಬಕೆಟ್ಟಿಗೆ ಹಾಕಿ ಗೊಬ್ಬರ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ನಾತ ತಡೆಯೋಕಾಗ್ತಿಲ್ಲ. ಜೊತೆಗೆ ದಪ್ಪ ದಪ್ಪ ಹುಳ. ಮನೆಯವರು ಎಸೆದುಬಿಡು ಅಂತಿದ್ದಾರೆ.
– ಗೃಹಿಣಿ, ಮೂಡಿಗೆರೆ

ಉತ್ತರ: ಎಸೆಯಬೇಡಿ ತಂಗಿ. ಅದು ಕೆಟ್ಟಿಲ್ಲ, ಒದ್ದೆ ಜಾಸ್ತಿಯಾಗಿದೆ ಅಷ್ಟೆ. ನನ್ನ ಮೊದಲ ಬಕೆಟ್ಟಿಗೂ ಜುಲೈನಲ್ಲಿ ಹೀಗೇ ಆಗಿತ್ತು. ಮುಚ್ಚಳ ತೆಗೆದರೆ ಅದರ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಳೆಸಿಪ್ಪೆ ಕಪ್ಪಗೆ ಲೋಳೆಯಾಗಿ ಗೋಡೆಗೆ ಅಂಟಿತ್ತು. ತಳದಲ್ಲಿ ನಾಲ್ಕು ಬೆರಳು ಕಂದು ನೀರು. ಗಾಳಿಯಾಡದಿದ್ದರೆ ಕಸ ಗೊಬ್ಬರವಾಗುವುದಿಲ್ಲ, ಸುಮ್ನೆ ಕೊಳೆಯುತ್ತದೆ. ನಾತ ಅದರದ್ದು.

ಮಳೆ ತಾಗದ ಕಡೆ ಗೋಣಿ ಹಾಸಿ ಬಕೆಟ್ ಸುರಿಯಿರಿ. ಒಣ ದರಗು, ಅಂದರೆ ಉದುರಿ ಒಣಗಿದ ಎಲೆ, ಸೇರಿಸಿ ಕೈಯಾಡಿಸಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದವಾಗಿದೆ. ನೀರು ಇಳಿದರೆ ಇನ್ನೂ ದರಗು ಬೇಕು. ಬಕೆಟ್ಟಿನ ತಳಕ್ಕೂ ಪಕ್ಕಕ್ಕೂ ತೂತು ಹೊಡೆದು, ಎರಡು ಇಟ್ಟಿಗೆ ಮೇಲೆ ಕೂರಿಸಿ. ಇನ್ನು ಮುಂದೆ ಒಂದು ಬಟ್ಟಲು ಹಸಿ ಕಸ ಹಾಕಿದರೆ ಅದರ ಮೇಲೆ ಒಂದರಿಂದ ಎರಡು ಬಟ್ಟಲು ಒಣದು ಬೀಳಲೇಬೇಕು. ಕಾಫಿ ಚರಟ ಕಂದು ಬಣ್ಣಕ್ಕಿದೆ ಅಂತ ಒಣದರ ಲೆಕ್ಕಕ್ಕೆ ಸೇರಿಸಬೇಡಿ, ಅದೂ ಹಸಿಯದೇ. ಅಕ್ಕಚ್ಚನ್ನು, ಅಂದರೆ ಅಕ್ಕಿ ತೊಳೆದ ನೀರನ್ನು, ಬಕೆಟ್ಟಿಗೆ ಹೊಯ್ಯಲೇಬೇಡಿ. ಪಕ್ಕದ ಮನೆಯಲ್ಲಿ ದನ ಇದ್ದರೆ ಕೊಡಿ, ಇಲ್ಲವಾದರೆ ಕರಿಬೇವಿನ ಬುಡಕ್ಕೆ ಹಾಕಿ.

ಈ ಮಳೆಯಲ್ಲಿ ಒಣ ದರಗು ಎಲ್ಲಿಂದ ತರಲಿ ಅಂತೀರಿ ಅಲ್ವಾ? ಅದನ್ನು ಬೇಸಿಗೆಯಲ್ಲೇ ಕೂಡಿಡಬೇಕು. ನಮ್ಮ ಕಡೆ ತೋಟಗಳಲ್ಲಿ ಸಿಲ್ವರ್ ಓಕ್ ಎಲೆಗೆ ಬರವಿಲ್ಲ. ನಾನು ಫೆಬ್ರವರಿ, ಮಾರ್ಚ್‌ನಲ್ಲಿ ಆರು ಗೋಣಿ ತುಂಬಿ ಅಟ್ಟಕ್ಕೆ ಹಾಕುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಒಂದೂ ಉಳಿಯುವುದಿಲ್ಲ. ಈ ವರ್ಷದ ಮಟ್ಟಿಗೆ ಹಳೇ ಪೇಪರ್ ಚೂರು, ಮೊಟ್ಟೆಯ ರಟ್ಟಿನ ಟ್ರೇ, ಮರದ ಹೊಟ್ಟು ಹಾಕಿ ಸುಧಾರಿಸಿ. ಒಣಗಿದ ಕಾಫಿ ಹೊಟ್ಟು ಸಿಕ್ಕರಂತೂ ಬಿಡಬೇಡಿ.

ಹುಳ ಚಪ್ಪಟೆಯಾಗಿ, ಬೂದುಗಂದು ಬಣ್ಣಕ್ಕೆ, ಮೈಯೆಲ್ಲ ಗೆರೆಗೆರೆಯಾಗಿ ಇದೆಯಾ? ಹಾಗಿದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ. ಆ ನೊಣ ಕಚ್ಚುವುದಿಲ್ಲ, ಮನೆ ನೊಣದ ಹಾಗೆ ಊಟಕ್ಕೆ ಮುತ್ತುವುದೂ ಇಲ್ಲ. ಮರಿಗಳು ಕಸವನ್ನು ಬೇಗ ತಿಂದು ಮುಗಿಸುತ್ತವೆ. ಅವುಗಳ ಪಾಡಿಗೆ ಬಿಡಿ. ಒಣದು ಜಾಸ್ತಿಯಾದಂತೆ ತಾವಾಗಿಯೇ ಕಡಿಮೆಯಾಗುತ್ತವೆ.

ಪ್ರಶ್ನೆ: ಚೀಲದಲ್ಲಿದ್ದ ಆಲೂಗಡ್ಡೆ ಮೊಳಕೆ ಬಂದಿದೆ. ತಾರಸಿಯಲ್ಲಿ ನೆಡಬಹುದಾ?
– ಓದುಗರು, ಹಾಸನ

ಉತ್ತರ: ಆಲೂಗಡ್ಡೆಗೆ ಹೆಸರಾದ ಊರಿನವರು ನೀವು, ಖಂಡಿತ ನೆಡಿ. ಹಸಿರು ತಿರುಗಿದ್ದನ್ನು ತಿನ್ನಬೇಡಿ. ಒಂದೊಂದು ಹೋಳಿನಲ್ಲಿ ಎರಡು ಕಣ್ಣಾದರೂ ಇರುವಂತೆ ಕೊಯ್ದು, ಕೊಯ್ದ ಕಡೆ ಬೂದಿ ಸವರಿ, ಎರಡು ದಿನ ನೆರಳಲ್ಲಿ ಆರಿಸಿ. ಆಮೇಲೆ ಅರ್ಧ ಮಣ್ಣು, ಅರ್ಧ ಗೊಬ್ಬರ ತುಂಬಿದ ಗೋಣಿಯಲ್ಲಿ ಊರಿ. ಜಡಿಮಳೆಯಲ್ಲಿ ಅಂಗಮಾರಿ ಎಂಬ ಕೊಳೆರೋಗ ಬಂದರೆ ನಾಲ್ಕೇ ದಿನಕ್ಕೆ ಗಿಡ ಕಪ್ಪಾಗುತ್ತದೆ. ಹಾಗಾಗಿ ತಾರಸಿಗೆ ಅಕ್ಟೋಬರ್, ನವೆಂಬರ್ ವಾಸಿ. ರೋಗ ಬಂದ ಗಿಡವನ್ನು ಗೊಬ್ಬರದ ಬಕೆಟ್ಟಿಗೆ ಮಾತ್ರ ಹಾಕಬೇಡಿ.

ಪ್ರಶ್ನೆ: ನಮ್ಮ ಅತ್ತೆ ಬಚ್ಚಲ ಒಲೆ ಹೊತ್ತಿಸೋದು ಹಾಲಿನ ಕವರ್, ಬಿಸ್ಕತ್ ಕವರ್ ಹಾಕಿಯೇ. ಬೇಡ ಅನ್ನೋಕೆ ಸಂಕೋಚ. ಏನು ಮಾಡಲಿ?
– ಸೊಸೆ, ಕೊಪ್ಪ

ಉತ್ತರ: ಈ ಪತ್ರ ಓದಿ ತುಂಬಾ ಹೊತ್ತು ಕೂತಿದ್ದೆ. ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇದೇ ನಡೆದಿತ್ತು. ಮಳೆಗಾಲದಲ್ಲಿ ಸೌದೆ ಹಸಿ, ಹೊಗೆಗೆ ಕಣ್ಣು ಉರಿ, ಕವರ್ ಹಾಕಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಅವರಿಗೆ ಬೇರೆ ದಾರಿ ಕಾಣಲಿಲ್ಲ, ತಪ್ಪು ಹೇಗೆ ಹೇಳೋದು? ಆದರೆ ಆ ಹೊಗೆ ಕೆಟ್ಟದ್ದು. ಪಿ.ವಿ.ಸಿ. ಎಂಬ ಬಗೆಯ ಪ್ಲಾಸ್ಟಿಕ್ ಏನಾದರೂ ಸೇರಿದ್ದರೆ ಡಯಾಕ್ಸಿನ್‌ನಂಥ ವಿಷವೇ ಹೊರಡುತ್ತದೆ. ಒಲೆಯ ಮುಂದೆ ಕೂತು ಅದನ್ನು ಕುಡಿಯುವವರು ಅತ್ತೆಯೇ ಅಲ್ವಾ?

ವಾದ ಮಾಡಬೇಡಿ. ಒಲೆ ಪಕ್ಕ ಒಂದು ಬುಟ್ಟಿ ಇಡಿ. ಕರಟ, ತೆಂಗಿನ ಗರಿ, ಒಣಗಿದ ಅಡಿಕೆ ಹಾಳೆ ದಿನಾ ತುಂಬಿಸಿಡಿ. ಕೈಗೆ ಸಿಕ್ಕಿದರೆ ಅದನ್ನೇ ಹಾಕುತ್ತಾರೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾ ನಿಷೇಧವಾದರೂ ಇಂಥ ಕವರ್‌ಗಳು ಮನೆಗೆ ಬರುತ್ತಲೇ ಇವೆ. ಹಾಲಿನ ಕವರ್ ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ. ನಮ್ಮಲ್ಲಿ ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಉಳಿದದ್ದು ಒಣ ಕಸದ ಗಾಡಿಗೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಂಟಿಕೊಂಡೇ ಇರಲಿ. ಹೋದ ತಿಂಗಳು ಬಸಳೆ ಪಾತಿ ಅಗೆಯುವಾಗ ಉಗುರಿನಷ್ಟು ನೀಲಿ ಮೂಲೆ ಸಿಕ್ಕಿತು. ಆ ಪಾತಿಗೆ ನಾನು ಗೊಬ್ಬರ ತುಂಬಿ ಐದು ವರ್ಷವಾಗಿದೆ. ಬಣ್ಣ ಚೂರೂ ಮಾಸಿರಲಿಲ್ಲ.

ಇನ್ನೊಂದು. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಸೌದೆ ಬೂದಿ ಒಳ್ಳೆಯದು, ಗಿಡಕ್ಕೊಂದು ಹಿಡಿ ಸಾಕು. ಕವರ್ ಸುಟ್ಟ ಬೂದಿ ಸೊಪ್ಪಿನ ಪಾತಿಗೆ ಬರುವುದಿಲ್ಲ. "ಅತ್ತೆ, ಬಸಳೆಗೆ ಬೂದಿ ಬೇಕಿತ್ತು, ಬರೀ ಸೌದೆಯದ್ದು" ಅಂತ ಕೇಳಿ ನೋಡಿ. ಬಸಳೆಯ ನೆಪದಲ್ಲಿ ಕೇಳಿದರೆ ಅವರಿಗೂ ಬೇಜಾರಾಗಲಿಕ್ಕಿಲ್ಲ.