ಮಾತ್ರೆ ಬಿಡಲೇ, ಕೆಲಸ ಬಿಡಲೇ?

ಪ್ರಶ್ನೆ: ವಯಸ್ಸು 31. ಸಿಂಧನೂರಿನ ದಲಾಲಿ ಅಂಗಡಿಯೊಂದರಲ್ಲಿ ಏಳು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಅರೆತಲೆನೋವಿಗೆಂದು ರಾಯಚೂರಿನ ನರರೋಗ ತಜ್ಞರು ಟೋಪಿರಾಮೇಟ್ ಮಾತ್ರೆ ಕೊಟ್ಟಿದ್ದಾರೆ. 25 ಮಿಲಿಗ್ರಾಂನಿಂದ ಶುರುವಾಗಿದ್ದು ಈಗ ದಿನಕ್ಕೆ 100 ಆಗಿದೆ. ಅಂದಿನಿಂದ ತಲೆಯೊಳಗೆ ಮಂಜು ಕವಿದ ಹಾಗಿದೆ. ಮೊನ್ನೆ ರೈತರೊಬ್ಬರು ತೂಕದಲ್ಲಿ ಕಡಿತ ಏಕೆ ಎಂದು ಕೇಳಿದರೆ ‘ತೇವಾಂಶ’ ಎಂಬ ಪದವೇ ಬಾಯಿಗೆ ಬರಲಿಲ್ಲ. ಅದೇ ದಿನ 48 ಚೀಲ ಭತ್ತಕ್ಕೆ 84 ಎಂದು ಪಟ್ಟಿ ಬರೆದೆ. ಸಾಹುಕಾರರು ಬೈಯಲಿಲ್ಲ, ಸುಮ್ಮನೆ ನೋಡಿದರು. ತಲೆನೋವೂ ನಿಂತಿಲ್ಲ, ಹೆಚ್ಚುಕಡಿಮೆ ದಿನಾ ಸಂಜೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇನೆ. ಯಜಮಾನರು ‘ಎಲ್ಲ ನಿನ್ನ ಭ್ರಮೆ’ ಎನ್ನುತ್ತಾರೆ, ಅತ್ತೆ ದೃಷ್ಟಿ ತೆಗೆಯುತ್ತಾರೆ. ಈಗೀಗ ಸೋಡಾ ಕೂಡ ಸಪ್ಪೆ ಹತ್ತುತ್ತದೆ. ಮನೆಯಲ್ಲಿ ಎರಡನೆಯ ಮಗುವಿನ ಮಾತು ಬೇರೆ ನಡೆದಿದೆ. ಮಾತ್ರೆ ಬಿಡಲೇ, ಕೆಲಸ ಬಿಡಲೇ?
– ಹೆಸರು ಬೇಡ, ಸಿಂಧನೂರು

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ಸೋಡಾದ ಸಾಲನ್ನು. ನಾಲಗೆಗೆ ಸೋಡಾದ ಚುರುಕು ತಿಳಿಯುವುದು ಒಂದು ಕಿಣ್ವದಿಂದ. ಟೋಪಿರಾಮೇಟ್ ಆ ಕಿಣ್ವವನ್ನು ತಡೆಯುತ್ತದೆ. ಬೆರಳ ತುದಿ ಜುಮ್ಮೆನ್ನುವುದೂ ಈ ಮಾತ್ರೆಯಿಂದ ಆಗುವಂಥದ್ದೇ. ನಿಮಗೂ ಆಗುತ್ತಿರಬಹುದು, ಬರೆಯುವುದನ್ನು ಮರೆತಿರಬಹುದು. ಭ್ರಮೆಗೆ ಯಾರ ಸೋಡಾವೂ ಸಪ್ಪೆಯಾಗುವುದಿಲ್ಲ. ಯಜಮಾನರಿಗೆ ಇಷ್ಟನ್ನು ಓದಿ ಹೇಳಿ.

ಮಾತು ಸಿಗದಿರುವುದೂ ಈ ಔಷಧದ ಹಳೆಯ ದೂರು. ಮೂಲದಲ್ಲಿ ಇದು ಮೂರ್ಛೆರೋಗದ ಮಾತ್ರೆ. ಅರೆತಲೆನೋವು ಬಾರದಂತೆ ತಡೆಯಲು ಕೊಡತೊಡಗಿದ್ದು ಆಮೇಲೆ. ಡೋಸ್ ಏರಿದಂತೆ ಪದಗಳು ಕೈಕೊಡುತ್ತವೆ, ಲೆಕ್ಕದಲ್ಲಿ ಗಮನ ಜಾರುತ್ತದೆ. ಇಳಿಸಿದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ರೈತರ ಮುಂದೆ ನಿಂತಾಗ ತೇವಾಂಶ ಎಂದರೇನೆಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಹೆಸರೊಂದು ಕೈಗೆ ಸಿಗಲಿಲ್ಲ, ಅಷ್ಟೇ. ಇನ್ನು, 25ರಿಂದ 100ಕ್ಕೆ ಹಂತಹಂತವಾಗಿ ಏರಿಸುವುದು ರೂಢಿಯ ದಾರಿ, ವೈದ್ಯರದ್ದೂ ತಪ್ಪಿಲ್ಲ. ಆದರೆ ಅವರು ‘ಹೇಗಿದ್ದೀರಿ’ ಎಂದಾಗ ನೀವು ‘ಪರವಾಗಿಲ್ಲ’ ಎಂದು ಎದ್ದು ಬಂದಿರುತ್ತೀರಿ ಎಂದು ನನ್ನ ಗುಮಾನಿ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಸೋಡಾದ ಕಥೆ ಯಾರು ಹೇಳುತ್ತಾರೆ?

ಮಾತ್ರೆಯನ್ನು ನೀವಾಗಿ ಬಿಡಬೇಡಿ. ಚಿಕ್ಕಂದಿನಲ್ಲಿ ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ, ಥಟ್ಟನೆ ನಿಲ್ಲಿಸಿದಾಗ ಮತ್ತೆ ಬರುವ ಅಪಾಯವಿದೆ. ಬಾರದಿದ್ದವರಿಗೂ ಮೆಲ್ಲಗೆ ಇಳಿಸುವುದೇ ಕ್ರಮ. ಡೋಸ್ ಇಳಿಸುವುದೋ, ಬೇರೆ ಔಷಧಕ್ಕೆ ಬದಲಿಸುವುದೋ, ತೀರ್ಮಾನ ವೈದ್ಯರದ್ದು. ಅರೆತಲೆನೋವು ತಡೆಯಲು ಬೇರೆ ಔಷಧಗಳೂ ಇವೆ.

ಈಗ ಸಂಜೆಯ ಮಾತ್ರೆಗೆ ಬರೋಣ. ಇದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನ್ನ ಅನುಮಾನವೆಲ್ಲ ಇದರ ಮೇಲೆಯೇ. ನಾನೂ ಒಂದು ಕಾಲದಲ್ಲಿ ಪರ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೂ ನೋವಿನ ಮಾತ್ರೆಯ ಸ್ಟ್ರಿಪ್ ಇಟ್ಟುಕೊಂಡು ಓಡಾಡಿದವಳು. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಅರೆತಲೆನೋವು ಇರುವವರಿಗೆ ಇದು ಇನ್ನೂ ಬೇಗ ಅಂಟಿಕೊಳ್ಳುತ್ತದೆ. ನೋವಿಗೆ ಮಾತ್ರೆ, ಮಾತ್ರೆಗೆ ನೋವು; ಬಡ್ಡಿ ಕಟ್ಟಲು ಇನ್ನೊಂದು ಸಾಲ ಮಾಡಿದ ಹಾಗೆ. ನಿಲ್ಲಿಸಿದ ಮೇಲೆ ಮೊದಲ ಕೆಲವು ದಿನ, ಕೆಲವರಿಗೆ ಹತ್ತು ದಿನದವರೆಗೂ, ನೋವು ಹೆಚ್ಚಾಗುತ್ತದೆ. ಹಾಗಾಗಿ ಇದನ್ನೂ ವೈದ್ಯರಿಗೆ ತಿಳಿಸಿಯೇ ನಿಲ್ಲಿಸಿ. ಆ ದಿನಗಳನ್ನು ದಾಟಲು ಏನಾದರೂ ಕೊಡುತ್ತಾರೆ. ಖಾಲಿಯಾದ ಸ್ಟ್ರಿಪ್‌ಗಳನ್ನು ಎಸೆಯಬೇಡಿ, ಹೋಗುವಾಗ ಒಯ್ಯಿರಿ. ಒಳಗೇನಿದೆ ಎಂದು ಓದಲು ಅವರಿಗೆ ಅರೆಕ್ಷಣ ಸಾಕು.

ಎರಡನೆಯ ಮಗುವಿನ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ವೈದ್ಯರಿಗೆ ಮೊದಲು ಹೇಳಬೇಕಾದದ್ದು ಅದೇ. ಬಸಿರಿನ ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ಒಳಗೆ ಹೋದರೆ ಮಗುವಿಗೆ ಸೀಳುತುಟಿಯಂಥ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಟೋಪಿರಾಮೇಟ್ ಡೋಸ್ ಹೆಚ್ಚಾದಾಗ ಅದರ ಬಲ ಕುಗ್ಗಬಹುದು. ಮನೆಯವರ ಮುಂದೆ ಸಂಕೋಚವಾದರೆ ಒಬ್ಬರೇ ಒಳಗೆ ಹೋಗಿ.

ನಮ್ಮ ಸೀಮೆಯ ಬೇಸಿಗೆಗೂ ಈ ಮಾತ್ರೆಗೂ ಅಷ್ಟಕ್ಕಷ್ಟೆ. ಇದು ಕೆಲವರಿಗೆ ಬೆವರು ಕಡಿಮೆ ಮಾಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಸಂಭವವನ್ನೂ ಹೆಚ್ಚಿಸುತ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನ ತಗಡಿನ ಕೆಳಗೆ ಕುಳಿತವರಿಗೆ ಬೆವರು ಬಾರದಿದ್ದರೆ ಅದು ಭಾಗ್ಯವಲ್ಲ. ನೀರಿನ ಬಾಟಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರಲಿ, ಮಧ್ಯಾಹ್ನದ ರೊಟ್ಟಿ ಮೂರು ಗಂಟೆಗೆ ಜಾರದಿರಲಿ. ಇದ್ದಕ್ಕಿದ್ದಂತೆ ಕಣ್ಣು ಮಂಜಾಗಿ ನೋವು ಬಂದರೆ, ಹಿಂದೆಂದೂ ಕಾಣದಂಥ ತಲೆನೋವು ಸಿಡಿದರೆ, ಕೈಕಾಲು ಸೋತರೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೊರಡಿ.

ಕೆಲಸವನ್ನೂ ಬಿಡಬೇಡಿ. 36 ಚೀಲದ ವ್ಯತ್ಯಾಸ ಎಂದರೆ 75 ಕೆ.ಜಿ. ಚೀಲದ ಲೆಕ್ಕದಲ್ಲಿ 27 ಕ್ವಿಂಟಲ್ ಭತ್ತ. ಅಷ್ಟಾದರೂ ಬೈಯದ ಸಾಹುಕಾರರಿಗೆ ನಿಮ್ಮ ಏಳು ವರ್ಷದ ಬೆಲೆ ಗೊತ್ತಿದೆ. ‘ಒಂದು ಮಾತ್ರೆ ಒಗ್ಗುತ್ತಿಲ್ಲ, ಬದಲಿಸಲು ಹೋಗುತ್ತಿದ್ದೇನೆ, ಅಲ್ಲಿಯವರೆಗೆ ಪಟ್ಟಿಯನ್ನು ಇನ್ನೊಬ್ಬರು ನೋಡಲಿ’ ಎಂದರೆ ಸಾಕು. ಚೀಲದ ಸಂಖ್ಯೆಯನ್ನು ಅಂಕಿಯ ಜೊತೆಗೆ ಅಕ್ಷರದಲ್ಲೂ ಬರೆಯಿರಿ. ‘ನಲವತ್ತೆಂಟು’ ಎಂದು ಬರೆದ ಕೈ ಅದರ ಪಕ್ಕದಲ್ಲಿ 84 ಬರೆಯಲು ಅಳುಕುತ್ತದೆ.

ಅತ್ತೆಯವರು ದೃಷ್ಟಿ ತೆಗೆಯಲಿ ಬಿಡಿ, ಖರ್ಚಾಗುವುದು ಒಂದು ಹಿಡಿ ಉಪ್ಪು, ನಾಲ್ಕು ಮೆಣಸಿನಕಾಯಿ. ಮಾರನೆಯ ದಿನ ಮಾತ್ರ ರಾಯಚೂರಿನ ಬಸ್ಸು ಹತ್ತಿ. ಅದಕ್ಕೂ ಮೊದಲು ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಮೂರು ಕಾಲಂ ಎಳೆದು, ಈ ತಿಂಗಳು ಯಾವ ದಿನ ತಲೆನೋವು, ಯಾವ ದಿನ ಯಾವ ಮಾತ್ರೆ, ಯಾವ ಪದ ಅಥವಾ ಅಂಕಿ ತಪ್ಪಿತು ಎಂದು ನೆನಪಿದ್ದಷ್ಟು ಬರೆದುಕೊಳ್ಳಿ. ವೈದ್ಯರು ‘ಹೇಗಿದ್ದೀರಿ’ ಎಂದಾಗ ‘ಪರವಾಗಿಲ್ಲ’ ಎನ್ನದೆ ಆ ಹಾಳೆಯನ್ನು ಮೇಜಿನ ಮೇಲಿಡಿ.